ನಮ್ಮ ಮನೆಯಲ್ಲಿ ವಿಕಾಸ ನಿಂತಿದೆಯೇ? ಆಟಿಯ ಒಂದು ಭಾನುವಾರ ಪರೀಕ್ಷಿಸುವುದು ಹೇಗೆ

ಮೊಬೈಲ್ ಒತ್ತಿ ಒತ್ತಿ ಮುಂದಿನ ತಲೆಮಾರಿನ ಹೆಬ್ಬೆರಳು ಉದ್ದವಾಗಲಿದೆ ಎಂದು ಒಬ್ಬರು ಹೇಳುತ್ತಾರೆ. ಲಸಿಕೆ, ಆಸ್ಪತ್ರೆ ಬಂದ ಮೇಲೆ ಮನುಷ್ಯನ ವಿಕಾಸ ಮುಗಿಯಿತು ಎಂದು ಇನ್ನೊಬ್ಬರು. ಉಡುಪಿಯ ಕಡೆಯ ಒಂದೇ ಮದುವೆ ಊಟದ ಪಂಕ್ತಿಯಲ್ಲಿ ಎರಡನ್ನೂ ಕೇಳಿದ್ದೇನೆ. ಎರಡೂ ತಪ್ಪು. ಆದರೆ ಪಾಯಸದ ಹೊತ್ತಿಗೆ ವಾದ ಮಾಡಿ ಗೆದ್ದವರಿಲ್ಲ. ಮನೆಯಲ್ಲೇ ಪರೀಕ್ಷಿಸಿ ನೋಡುವುದು ಲೇಸು.

ಅದಕ್ಕೆ ಆಟಿಯಷ್ಟು, ಅಂದರೆ ತುಳುವರ ಆಷಾಢದಷ್ಟು, ಒಳ್ಳೆಯ ತಿಂಗಳು ಇಲ್ಲ. ಹೊರಗೆ ಬಿಡದ ಮಳೆ, ಹೋಗಬೇಕಾದ ಮದುವೆಗಳಿಲ್ಲ, ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬಂದಿರುತ್ತಾರೆ. ಬೇಕಾಗುವ ಸಾಮಗ್ರಿ: ಒಂದು ನೋಟ್ ಪುಸ್ತಕ, ಪೆನ್ಸಿಲ್ (ಅಜ್ಜಿ ಹೇಳಿದ್ದನ್ನು ದೊಡ್ಡಮ್ಮ ತಿದ್ದಿಸುತ್ತಾರೆ, ಆದ್ದರಿಂದ ಪೆನ್ನು ಬೇಡ), ಒಂದಿಷ್ಟು ಹಾಲು, ಮೂರು ತಲೆಮಾರಿನ ಜನ.

ಹಂತ 1: ಕೂಸಿನ ಕಿವಿ ನೋಡಿ

ಮನೆಯಲ್ಲಿ ಕಿವಿ ಚುಚ್ಚದ ಕೂಸಿದ್ದರೆ ಅದರ ಕಿವಿಯ ಹಾಲೆ ನೋಡಿ. ತಲತಲಾಂತರದಿಂದ ಚುಚ್ಚಿಸಿಕೊಂಡು ಬಂದ ಮನೆತನದಲ್ಲಿ ಹುಟ್ಟಿದರೂ ಅಲ್ಲಿ ತೂತು ಇರುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜರ್ಮನಿಯ ಜೀವವಿಜ್ಞಾನಿ ಆಗಸ್ಟ್ ವೈಸ್‌ಮನ್ ಇದನ್ನೇ ಇಲಿಗಳ ಬಾಲದ ಮೇಲೆ ಪರೀಕ್ಷಿಸಿದರು. ಐದು ತಲೆಮಾರು ಬಾಲ ಕತ್ತರಿಸಿದರು, ಹುಟ್ಟಿದ 901 ಮರಿಗಳಿಗೂ ಬಾಲ ಇತ್ತು. ಬದುಕಿದ್ದಾಗ ಮೈಗೆ ಆದದ್ದು ಮಕ್ಕಳಿಗೆ ಹೀಗೆ ದಾಟುವುದಿಲ್ಲ. ಯಾರಿಗೆ ಎಷ್ಟು ಮಕ್ಕಳು, ಆ ಮಕ್ಕಳಲ್ಲಿ ಎಷ್ಟು ಮಂದಿ ಬೆಳೆದು ತಾವೂ ಮಕ್ಕಳನ್ನು ಪಡೆದರು ಎಂಬುದಷ್ಟೇ ನಿಸರ್ಗದ ಆಯ್ಕೆಯ ಲೆಕ್ಕ. ಹೆಬ್ಬೆರಳಿನ ವಾದ ಇಲ್ಲಿಗೆ ಮುಗಿಯಿತು.

ಹಂತ 2: ಮಣಿಕಟ್ಟು

ಹೆಬ್ಬೆರಳು ಮತ್ತು ಕಿರುಬೆರಳಿನ ತುದಿ ಜೋಡಿಸಿ ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ಬಾಗಿಸಿ. ನಡುವೆ ಹಗ್ಗದಂತೆ ಒಂದು ನರ ಎದ್ದು ನಿಂತರೆ ‘ಇದೆ’ ಎಂದು ಬರೆಯಿರಿ. (ನರ ಎನ್ನುವುದು ನಮ್ಮ ಮಾತು, ಅದು ಸ್ನಾಯುವಿನ ತುದಿ.) ಹಲವರಿಗೆ ಅದು ಹುಟ್ಟಿನಿಂದಲೇ ಇರುವುದಿಲ್ಲ, ಇಲ್ಲದಿದ್ದರೂ ಹಿಡಿತ ಕಡಿಮೆಯೇನಲ್ಲ. ನಷ್ಟವೂ ಇಲ್ಲದ, ಲಾಭವೂ ಇಲ್ಲದ ಇಂಥ ವ್ಯತ್ಯಾಸ ತಲೆಮಾರುಗಳಲ್ಲಿ ಹಾಗೆಯೇ ತೇಲಿಕೊಂಡು ಬರುತ್ತದೆ. ಬುದ್ಧಿಹಲ್ಲು ಬಾರದವರ ಹೆಸರನ್ನೂ ಪಕ್ಕದಲ್ಲೇ ಬರೆದು ಮುಂದೆ ಹೋಗೋಣ.

ಹಂತ 3: ಒಂದು ಲೋಟ ಹಾಲು

ಹಾಲಿನ ಅಲರ್ಜಿ ಇರುವವರು ಈ ಹಂತ ಬಿಡಿ. ಉಳಿದ ದೊಡ್ಡವರು ಬರಿಹೊಟ್ಟೆಗೆ ಒಂದು ದೊಡ್ಡ ಲೋಟ ಹಾಲು ಕುಡಿದು ಎರಡು ಮೂರು ಗಂಟೆ ಕಾಯಿರಿ. ಹೊಟ್ಟೆ ಗುಡುಗುಡು ಎಂದವರ ಹೆಸರು ಬರೆಯಿರಿ. ಹಾಲು ಬಿಟ್ಟ ವಯಸ್ಸಿನ ಮೇಲೆ ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಬತ್ತುವುದು ಸಸ್ತನಿಗಳ ಹಳೆಯ ಕ್ರಮ. ದನ ಸಾಕತೊಡಗಿದ ಮೇಲೆ, ಕೆಲವೇ ಸಾವಿರ ವರ್ಷಗಳಲ್ಲಿ, ಅದು ಬತ್ತದಂತೆ ಮಾಡುವ ವಂಶವಾಹಿಯ ರೂಪ ಕೆಲವು ಸೀಮೆಗಳಲ್ಲಿ ಹರಡಿತು. ಭಾರತದಲ್ಲಿ ಕಾಣುವುದು ಯುರೋಪಿನಲ್ಲಿರುವ ಅದೇ ರೂಪ. ವಾಯವ್ಯದಲ್ಲಿ ಹೆಚ್ಚು, ದಕ್ಷಿಣಕ್ಕೆ ಬಂದಂತೆ ಕಡಿಮೆ.

ಹಾಗೆಂದು ನಮ್ಮ ಅಜ್ಜಿಯಂದಿರು ವಂಶವಾಹಿ ಬರಲಿ ಎಂದು ಕಾಯುತ್ತ ಕೂರಲಿಲ್ಲ, ಹೆಪ್ಪು ಹಾಕಿದರು. ಮೊಸರಿನ ಬ್ಯಾಕ್ಟೀರಿಯ ಆ ಸಕ್ಕರೆಯ ಒಂದು ಪಾಲನ್ನು ರಾತ್ರಿಯೇ ತಿಂದು ಮುಗಿಸುತ್ತದೆ. ದೇಹಕ್ಕೆ ನೂರಾರು ತಲೆಮಾರು ಹಿಡಿಯುವ ಕೆಲಸವನ್ನು ಒಂದು ಮಣ್ಣಿನ ಪಾತ್ರೆ ಬೆಳಗಾಗುವುದರೊಳಗೆ ಮಾಡುತ್ತದೆ. ವಿಕಾಸವನ್ನು ಮೀರುವುದು ಎಂದರೇನು ಎಂದು ಕೇಳಿದವರಿಗೆ ನಾನು ತೋರಿಸುವುದು ಮಜ್ಜಿಗೆಯನ್ನೇ.

ಹಂತ 4: ಹೆತ್ತವರ ಲೆಕ್ಕ

ಮುಖ್ಯ ಕೆಲಸ ಈಗ. ಪುಟದ ಮೇಲೆ ಎಲ್ಲರಿಗಿಂತ ಹಿರಿಯಳಾದ ಹೆಣ್ಣಿನ ಹೆಸರು ಬರೆದು ಕೆಳಕ್ಕೆ ಇಳಿಯಿರಿ. ಪ್ರತಿಯೊಬ್ಬರ ಮುಂದೆ ಮೂರು ಅಂಕಿ: ಹೆತ್ತ ಮಕ್ಕಳು, ದೊಡ್ಡವರಾದವರು, ಮಗು ಹುಟ್ಟಿದಾಗ ತಂದೆಯ ವಯಸ್ಸು. ತೀರಿಹೋದ ಕೂಸುಗಳ ಬಗ್ಗೆ ಮೆಲ್ಲಗೆ ಕೇಳಿ. ಹೆಸರಿಡುವ ಮೊದಲೇ ಹೋದವುಗಳ ಮಾತು ಎಷ್ಟೋ ಮನೆಗಳಲ್ಲಿ ಮೊದಲ ಸಲ ಹೊರಗೆ ಬರುವುದು ಹೀಗೆಯೇ.

ನಮ್ಮ ಪುಟದಲ್ಲಿ ಮುತ್ತಜ್ಜಿ ಹೆತ್ತದ್ದು 11, ಉಳಿದದ್ದು 5. ಅಜ್ಜಿಗೆ 7ರಲ್ಲಿ 6. ಅಮ್ಮನಿಗೆ 3, ಮೂವರೂ ಇದ್ದೇವೆ. ತಂಗಿಗೆ ಒಂದೇ. ಮುತ್ತಜ್ಜಿಯ ಕಾಲದಲ್ಲಿ ಜರಡಿ ಹಿಡಿದು ಕೂತಿದ್ದದ್ದು ಸಾವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು, ಬಹುಪಾಲು ಎಲ್ಲರೂ ಬದುಕುತ್ತಾರೆ. ಸಾವಿನ ಕೈಯಿಂದ ಜರಡಿ ಜಾರಿದೆ, ನಿಜ. ಆದರೆ ಒಬ್ಬ ಅಣ್ಣನಿಗೆ ಮೂವರು, ಬೆಂಗಳೂರಿನ ತಮ್ಮನಿಗೆ ಮಕ್ಕಳೇ ಬೇಡ ಎಂದಾದಾಗ ಮುಂದಿನ ತಲೆಮಾರಿನಲ್ಲಿ ಯಾರ ಪಾಲು ಎಷ್ಟು ಎಂಬುದು ಮತ್ತೆ ತೀರ್ಮಾನವಾಗುತ್ತಲೇ ಇದೆ. ಜರಡಿ ಈಗ ಮದುವೆ ಮಂಟಪದಲ್ಲಿದೆ, ಸಾಲದ ಕಂತಿನಲ್ಲಿದೆ, ಸಂತಾನ ಚಿಕಿತ್ಸೆಯ ಕೋಣೆಯಲ್ಲಿದೆ.

ಮೂರನೆಯ ಅಂಕಿಯನ್ನೂ ನೋಡಿ. ಗಲ್ಫಿಗೆ ಹೋಗಿ, ಮನೆ ಕಟ್ಟಿ, ತಂಗಿಯಂದಿರ ಮದುವೆ ಮಾಡಿಸಿ, ನಲವತ್ತರ ಹತ್ತಿರ ತಾನು ಮದುವೆಯಾದ ಮಾವ ಕರಾವಳಿಯ ಯಾವ ಮನೆಯಲ್ಲಿಲ್ಲ? ತಂದೆಯ ವಯಸ್ಸು ಒಂದು ವರ್ಷ ಹೆಚ್ಚಿದಂತೆ ಮಗುವಿನಲ್ಲಿ ಸರಾಸರಿ ಎರಡು ಹೊಸ ವಂಶವಾಹಿ ಬದಲಾವಣೆಗಳು ಹೆಚ್ಚುತ್ತವೆ ಎಂದು ಐಸ್‌ಲ್ಯಾಂಡಿನಲ್ಲಿ 2012ರ ಅಧ್ಯಯನವೊಂದು ಕಂಡುಕೊಂಡಿತು. ಹೆಚ್ಚಿನವು ನಿರುಪದ್ರವಿ, ಗಾಬರಿ ಬೇಡ. ಆದರೆ ವಿಕಾಸದ ಕಚ್ಚಾ ಸಾಮಗ್ರಿ ಅದೇ. ಮನೆ ಕಟ್ಟುವ ಸಾಲ ಅದನ್ನು ಹೆಚ್ಚಿಸಿತು ಎಂದರೆ ಮಾವ ಖಂಡಿತ ನಂಬುವುದಿಲ್ಲ.

ಹಂತ 5: ಬಳಿ ಬರೆಯಿರಿ

ತುಳುನಾಡಿನ ಅಳಿಯಕಟ್ಟಿನ (ತಾಯಿಯ ಕಡೆಯಿಂದ ವಂಶ, ಆಸ್ತಿ ಸಾಗುವ) ಮನೆಯಾದರೆ ಪ್ರತಿ ಹೆಸರಿನ ಪಕ್ಕದಲ್ಲಿ ಬಳಿ, ಅಂದರೆ ಕುಲದ ಹೆಸರು, ಬರೆಯಿರಿ. ಬಳಿ ತಾಯಿಯಿಂದ ಮಕ್ಕಳಿಗೆ ಬರುತ್ತದೆ, ಮಗನ ಬಳಿ ಮೊಮ್ಮಕ್ಕಳಿಗೆ ಹೋಗುವುದಿಲ್ಲ. ಜೀವಕೋಶದೊಳಗಿನ ಮೈಟೊಕಾಂಡ್ರಿಯದ ಡಿಎನ್‌ಎ ಸಾಗುವುದೂ ತಾಯಿಯ ಈ ದಾರಿಯಲ್ಲೇ. ಸೂಕ್ಷ್ಮದರ್ಶಕವಿಲ್ಲದ ಕಾಲದ ಹಿರಿಯರು ಹೆಣ್ಣಿನ ಗೆರೆಯನ್ನು ಹೀಗೆ ಲೆಕ್ಕವಿಟ್ಟರು.

ಒಂದೇ ಬಳಿಯೊಳಗೆ ಮದುವೆ ಇಲ್ಲ. ಹಾಗಾಗಿ ಚಿಕ್ಕಮ್ಮ, ದೊಡ್ಡಮ್ಮನ ಮಕ್ಕಳು ಒಡಹುಟ್ಟಿದವರ ಹಾಗೆ. ಘಟ್ಟದ ಮೇಲೆ ಹಲವೆಡೆ ರೂಢಿಯಲ್ಲಿದ್ದ ಅಕ್ಕನ ಮಗಳ ಮದುವೆ ಇಲ್ಲಿ ಸಾಧ್ಯವಿಲ್ಲ. ಆಕೆಯದೂ ಮಾವನದೂ ಒಂದೇ ಬಳಿ. ಸೋದರಮಾವನ ಮಗಳ ಬಳಿ ಬೇರೆ, ಅಲ್ಲಿ ಅಡ್ಡಿಯಿಲ್ಲ. ಈಗ ಗಣಿತ ಹಚ್ಚಿ. ಒಬ್ಬ ಪೂರ್ವಜರ ಒಂದೇ ವಂಶವಾಹಿ ತಂದೆಯ ಕಡೆಯಿಂದಲೂ ತಾಯಿಯ ಕಡೆಯಿಂದಲೂ ಮಗುವಿಗೆ ಬರುವ ಸಂಭವ ಅಕ್ಕನ ಮಗಳ ಮದುವೆಯಲ್ಲಿ 8ರಲ್ಲಿ 1, ಮಾವನ ಮಗಳ ಮದುವೆಯಲ್ಲಿ 16ರಲ್ಲಿ 1. ಅಡಗಿರುವ ಕಾಯಿಲೆ ತಲೆಯೆತ್ತುವುದು ಹೀಗೆ ಎರಡೂ ಪ್ರತಿ ಕೂಡಿದಾಗ. ಹಿರಿಯರ ನಿಯಮ ಹೆಚ್ಚಿನ ಅಪಾಯವನ್ನು ತಡೆದು ಅದರ ಅರ್ಧವನ್ನು ಒಳಗೆ ಬಿಟ್ಟಿತು. ಆಸ್ತಿ, ಮನೆತನದ ಲೆಕ್ಕಕ್ಕೆ ಹುಟ್ಟಿದ ಕಟ್ಟಳೆ ವಂಶವಾಹಿಗಳ ಮೇಲೂ ಕೈಯಾಡಿಸಿದೆ. ವಿಕಾಸದ ಮೇಲೆ ಮನುಷ್ಯನ ಪ್ರಭಾವ ಎಂದಾಗ ಪ್ರಯೋಗಾಲಯವನ್ನಷ್ಟೇ ನೆನೆಯುವವರು ಈ ಪುಟ ನೋಡಬೇಕು.

ಹಂತ 6: ಮಲೇರಿಯ ಬಂದವರನ್ನು ಕೇಳಿ

ಮಂಗಳೂರಿನ ಮನೆಯಾದರೆ ಒಬ್ಬರಾದರೂ ಸಿಕ್ಕಾರು. ಇಲ್ಲಿ ಹೆಚ್ಚು ಕಾಡಿದ ವೈವಾಕ್ಸ್ ಬಗೆ ಯಕೃತ್ತಿನಲ್ಲಿ ಅಡಗಿ ಮರುಕಳಿಸುತ್ತದೆ, ಅದಕ್ಕಾಗಿ 14 ದಿನ ಪ್ರೈಮಾಕ್ವಿನ್ ಮಾತ್ರೆ. ಅದನ್ನು ನುಂಗಿದಾಗ ಮೂತ್ರ ಕಪ್ಪಾದವರು, ಮೈ ಹಳದಿಯಾದವರು ಇದ್ದರೇ? ಜಿ6ಪಿಡಿ ಎಂಬ ಕಿಣ್ವದ ಕೊರತೆ ಇದ್ದವರಿಗೆ ಹಾಗಾಗಬಹುದು. ಈ ಕೊರತೆ ಇಷ್ಟು ಜನರಲ್ಲಿ ಉಳಿದದ್ದು ಅದು ಮಲೇರಿಯದಿಂದ ಒಂದಿಷ್ಟು ಕಾಪಾಡಿದ್ದರಿಂದ. ಥಲಸ್ಸೀಮಿಯ ಎಂಬ ರಕ್ತದ ಕಾಯಿಲೆಯ ಬಗ್ಗೆ ಇಂಥದ್ದೇ ಊಹೆಯನ್ನು 1949ರಲ್ಲಿ ಮಂಡಿಸಿದ ಬ್ರಿಟಿಷ್ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಮುಂದೆ ಭಾರತದ ಪ್ರಜೆಯಾಗಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಇತ್ತ ನಾವು ಕಟ್ಟಡ ಏರಿಸಿ ತಾರಸಿಯಲ್ಲಿ ಟ್ಯಾಂಕ್ ಇಟ್ಟದ್ದು ಅನಾಫಿಲಿಸ್ ಸ್ಟೀಫೆನ್ಸೈ ಸೊಳ್ಳೆಗೆ ಅನುಕೂಲವಾಯಿತು. ವಾರಗಳಲ್ಲಿ ಒಂದು ತಲೆಮಾರು ಮುಗಿಸುವ ಸೊಳ್ಳೆ ನಮಗಿಂತ ಬೇಗ ಬದಲಾಗುತ್ತದೆ.

ಹಂತ 7: ಒಂದು ಕಾಲಂ ಖಾಲಿ ಬಿಡಿ

ವಂಶವಾಹಿಯನ್ನು ನೇರವಾಗಿ ತಿದ್ದುವ ಕ್ರಿಸ್ಪರ್ ತಂತ್ರ ಈಗ ಇದೆ. 2023ರಲ್ಲಿ ಬ್ರಿಟನ್, ಅಮೆರಿಕಗಳು ಕುಡಗೋಲು ಕಣ (ಸಿಕಲ್ ಸೆಲ್) ಎಂಬ ರಕ್ತದ ರೋಗಕ್ಕೆ ಅದರ ಚಿಕಿತ್ಸೆಯನ್ನು ಒಪ್ಪಿದವು. ಅಲ್ಲಿ ತಿದ್ದುವುದು ರೋಗಿಯ ರಕ್ತದ ಮೂಲಕೋಶಗಳನ್ನು. ಮಕ್ಕಳಿಗೆ ಅದು ದಾಟುವುದಿಲ್ಲ. ದಾಟುವಂತೆ ಭ್ರೂಣವನ್ನೇ ತಿದ್ದಿದೆನೆಂದು 2018ರಲ್ಲಿ ಘೋಷಿಸಿದ ಚೀನಾದ ಹೆ ಜಿಯಾನ್‌ಕುಯಿಗೆ ಮೂರು ವರ್ಷ ಜೈಲಾಯಿತು. ಭಾರತದ ಮಾರ್ಗಸೂಚಿಯೂ ಅದಕ್ಕೆ ಅವಕಾಶ ಕೊಟ್ಟಿಲ್ಲ. ಸದ್ಯಕ್ಕೆ ಈ ಕಾಲಂನಲ್ಲಿ ಬರೆಯಲು ಯಾರ ಮನೆಯಲ್ಲೂ ಏನೂ ಇಲ್ಲ.

ಪುಸ್ತಕ ತುಂಬಿದ ಮೇಲೆ ಮಲೇರಿಯ ಮಾತ್ರೆಯಿಂದ ತೊಂದರೆಯಾದವರ ಹೆಸರಿಗೆ ಕೆಂಪು ಗೆರೆ ಹಾಕಿ. ಆಸ್ಪತ್ರೆಗೆ ಹೋಗುವಾಗ ಆ ಪುಟದ ಫೋಟೊ ಒಯ್ಯಿರಿ. ಸೋದರಿಕೆಯಲ್ಲಿ ಸಂಬಂಧ ನೋಡುತ್ತಿದ್ದರೆ ವಂಶವಾಹಿ ಸಲಹೆ ಕೊಡುವ ವೈದ್ಯರಿಗೆ ಇಡೀ ಪುಸ್ತಕ ತೋರಿಸಿ. ಉಳಿದ ದಿನ ಅದು ಜಾತಕಗಳ ಕಟ್ಟಿನಲ್ಲೇ ಇರಲಿ, ಮಾತುಕತೆಗೆ ಕುಳಿತಾಗ ಎರಡೂ ಒಟ್ಟಿಗೇ ಹೊರಗೆ ಬರುತ್ತವೆ.