ಆಗ್ನೇಯ ಏಷ್ಯಾ ಓದಲು ಬ್ರಿಟನ್‌ಗೆ: ಅಜ್ಜನ ಖಾತೆಯ ದುಡ್ಡು ಲೆಕ್ಕಕ್ಕಿಲ್ಲ

ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆ ಎಲ್ಲಿ ಬರೆಯಬೇಕು, ಶಿಫಾರಸು ಪತ್ರ ಯಾರ ಹತ್ತಿರ ತೆಗೆದುಕೊಳ್ಳಬೇಕು, ಲಂಡನ್‌ನಲ್ಲಿ ರೂಮ್ ಹುಡುಕೋದು ಹೇಗೆ, ಇದೆಲ್ಲ ನಿಮಗೆ ಗೊತ್ತೇ ಇರುತ್ತದೆ. ಅದನ್ನು ಬಿಡುತ್ತೇನೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಆಗ್ನೇಯ ಏಷ್ಯಾ ಅಧ್ಯಯನದಲ್ಲಿ ಎಂ.ಎ. ಮಾಡಲು ಬ್ರಿಟನ್‌ಗೆ ಅರ್ಜಿ ಹಾಕುವವರೇ ಕಡಿಮೆ. ಹಾಕಿದವರು ಮುಗ್ಗರಿಸುವ ಜಾಗ ಮಾತ್ರ ಒಂದೇ. ನಾನೂ ಅಲ್ಲೇ ಮುಗ್ಗರಿಸಿದವನು. ಸೀಟಿನ ವಿಷಯದಲ್ಲಿ ಅಲ್ಲ. ಸೀಟು ಸಿಕ್ಕಿ, ಮನೆಯವರೆಲ್ಲ ಖುಷಿಪಟ್ಟ ಮೇಲೆ, ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ.

ಅದಕ್ಕೆ ಬರುವ ಮೊದಲು, ಯಾವ ದೇಶ ಅನ್ನೋದು. ರ್‍ಯಾಂಕಿಂಗ್ ಪಟ್ಟಿ ನೋಡಿ ತೀರ್ಮಾನ ಮಾಡಬೇಡಿ. ನಿಮಗೆ ಬೇಕಾದ ಕಾಗದಪತ್ರ ಎಲ್ಲಿದೆ ನೋಡಿ. ಬರ್ಮಾ (ಈಗಿನ ಮ್ಯಾನ್ಮಾರ್) 1937ರವರೆಗೆ ಬ್ರಿಟಿಷ್ ಇಂಡಿಯಾದ ಭಾಗವಾಗಿತ್ತು, ಹಾಗಾಗಿ ಅದರ ಕಡತಗಳು ಲಂಡನ್‌ನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಸಿಗುತ್ತವೆ. 1812ರಲ್ಲಿ ಬ್ರಿಟಿಷರು ಜಾವಾದ ಯೋಗ್ಯಕರ್ತದ ಅರಮನೆಯಿಂದ ಹೊತ್ತು ತಂದ ಹಸ್ತಪ್ರತಿಗಳೂ ಅಲ್ಲಿವೆ. ಅದರಲ್ಲಿ ಎಷ್ಟೋ ಈಗ ಡಿಜಿಟಲ್ ಆಗಿವೆ. ಮಲಯಾ, ಸಿಂಗಾಪುರದ ವಸಾಹತು ಕಾಲದ ಕಡತ ಲಂಡನ್‌ನ ಕ್ಯೂ ಎಂಬ ಜಾಗದಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ದಾಖಲಾಗಾರದಲ್ಲಿದೆ. ಇಂಡೋನೇಷ್ಯಾ ನಿಮ್ಮ ವಿಷಯವಾದರೆ ನೆದರ್‌ಲೆಂಡ್ಸ್‌ನ ಲೈಡನ್‌ಗೇ ಹೋಗಿ. ಆದರೆ ಹಳೆಯ ಡಚ್ ಈಸ್ಟ್ ಇಂಡಿಯಾ ಕಂಪನಿಯ ದಾಖಲೆ ಮುಟ್ಟಬೇಕೆಂದರೆ ಡಚ್ ಭಾಷೆ ಓದಲು ಬರಬೇಕು. ಈಗಿನ ರಾಜಕೀಯ, ಸಮಾಜ ಓದುವವರಿಗೆ ಸಿಂಗಾಪುರದ ರಾಷ್ಟ್ರೀಯ ವಿಶ್ವವಿದ್ಯಾಲಯ ಇದೆ. ಬೆಂಗಳೂರಿನಿಂದ ನೇರ ವಿಮಾನ, ಊಟದ ಚಿಂತೆಯೂ ಇಲ್ಲ.

ಅಮೆರಿಕದ ಬಗ್ಗೆ ಒಂದೇ ಎಚ್ಚರಿಕೆ. ಅಲ್ಲಿನ ವಿಶ್ವವಿದ್ಯಾಲಯಗಳ ಪುಟದಲ್ಲಿ ಫ್ಲಾಸ್ ಅನ್ನುವ ಭಾಷಾ ಫೆಲೋಶಿಪ್ ನೋಡಿ ನಮ್ಮ ಹುಡುಗರು ಅರ್ಜಿ ಶುಲ್ಕ ಕಟ್ಟಿಬಿಡುತ್ತಾರೆ. ಅದು ಅಮೆರಿಕದ ನಾಗರಿಕರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮಾತ್ರ. ಜೊತೆಗೆ ಅಲ್ಲಿ ಎಷ್ಟೋ ಕಡೆ ನಾಲ್ಕು ವರ್ಷದ ಪದವಿ ಕೇಳುತ್ತಾರೆ. ಕರ್ನಾಟಕದಲ್ಲಿ 2024ರಿಂದ ಪದವಿ ಮತ್ತೆ ಮೂರು ವರ್ಷಕ್ಕೇ ಬಂದಿದೆ. ಬ್ರಿಟನ್‌ನಲ್ಲಿ ಅವರ ಬಿ.ಎ. ಕೂಡ ಮೂರೇ ವರ್ಷ, ಹಾಗಾಗಿ ಇಲ್ಲಿ ಆ ತಲೆನೋವಿಲ್ಲ. ಜಿಆರ್‌ಇ ಪ್ರವೇಶ ಪರೀಕ್ಷೆಯೂ ಬೇಡ.

ಲಂಡನ್‌ನಲ್ಲಿ ಈ ವಿಷಯಕ್ಕೆ ಹೆಸರಾದದ್ದು 1916ರಲ್ಲಿ ಶುರುವಾದ ಸೋಯಾಸ್ ವಿಶ್ವವಿದ್ಯಾಲಯ. ಕೋರ್ಸುಗಳ ಹೆಸರು, ಕಲಿಸುವ ಭಾಷೆಗಳು ಬದಲಾಗುತ್ತಾ ಇರುತ್ತವೆ. ಸೀನಿಯರ್ ಹೇಳಿದ್ದನ್ನು ನಂಬದೆ ಈ ವರ್ಷದ ಪಟ್ಟಿಯನ್ನೇ ನೋಡಿ.

ಯಾಕೆ ಓದಬೇಕು ಎಂದು ಅರ್ಜಿಯ ಜೊತೆ ಬರೆದು ಕಳಿಸುವ ಉದ್ದೇಶ ಪತ್ರದ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ನನ್ನ ಹತ್ತಿರ ತಿದ್ದಲು ಬರುವ ಹತ್ತರಲ್ಲಿ ಎಂಟು ಪತ್ರ ಕಾಂಬೋಡಿಯಾದ ಅಂಕೋರ್‌ವಾಟ್‌ನಿಂದ ಶುರುವಾಗುತ್ತವೆ. ನಮ್ಮ ರಾಮಾಯಣ ಅಲ್ಲಿಗೆ ಹೋಯಿತು, ನಮ್ಮ ಶಿಲ್ಪ ಅಲ್ಲಿಗೆ ಹೋಯಿತು, ಎಲ್ಲ ನಮ್ಮದೇ ಅಂತ. ಅಲ್ಲಿನ ಜನ ಏನನ್ನು ಆರಿಸಿಕೊಂಡರು, ಏನನ್ನು ತಮ್ಮದಾಗಿ ಬದಲಾಯಿಸಿಕೊಂಡರು ಎಂದು ಈ ವಿಭಾಗಗಳು ದಶಕಗಳಿಂದ ಚರ್ಚೆ ಮಾಡುತ್ತಿವೆ. ಇಂಥ ಪತ್ರ ಓದಿದ ಪ್ರಾಧ್ಯಾಪಕರು ಮೊದಲ ಪ್ಯಾರಾಕ್ಕೇ ಬೇಸತ್ತು ಹೋಗುತ್ತಾರೆ. ಹೊಸನಗರದ ಒಬ್ಬ ಹುಡುಗಿ ಅಡಿಕೆ ಬಗ್ಗೆ ಬರೆದಳು. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕೆಜಿಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತಲ್ಲ, ಅಲ್ಲಿಂದ ಹಿಡಿದಳು. ಮ್ಯಾನ್ಮಾರ್ ಗಡಿಯಿಂದ ಕಳ್ಳದಾರಿಯಲ್ಲಿ ಬರುವ ಅಡಿಕೆ, ಇಂಡೋನೇಷ್ಯಾದ ಅಡಿಕೆ, ಶಿವಮೊಗ್ಗದ ಮಂಡಿಯ ದರ, ಆ ದೇಶಗಳ ಬೆಳೆಗಾರ ಯಾರು ಅನ್ನುವ ಪ್ರಶ್ನೆ. ಒಂದೂವರೆ ಪುಟ. ಅವಳಿಗೆ ಸೀಟು ಸಿಕ್ಕಿತು. ಸಿಗಲೇಬೇಕಿತ್ತು.

ಈಗ ದುಡ್ಡಿನ ವಿಷಯ. ನಿಧಾನವಾಗಿ ಓದಿ. ಅಪ್ಪ ಅಮ್ಮನಿಗೂ ಓದಿ ಹೇಳಿ.

ವಿದ್ಯಾರ್ಥಿ ವೀಸಾಕ್ಕೆ ನೀವು ಎರಡು ಮೊತ್ತ ತೋರಿಸಬೇಕು. ಒಂದು, ಮೊದಲ ವರ್ಷದ ಶುಲ್ಕದಲ್ಲಿ ಕಟ್ಟದೆ ಉಳಿದದ್ದು. ಇನ್ನೊಂದು, ಜೀವನ ವೆಚ್ಚ. 2025ರ ನವೆಂಬರ್‌ 11ರಿಂದ ಲಂಡನ್‌ಗೆ ತಿಂಗಳಿಗೆ 1,529 ಪೌಂಡ್, ಹೊರಗಿನ ಊರುಗಳಿಗೆ 1,171 ಪೌಂಡ್. ಗರಿಷ್ಠ ಒಂಬತ್ತು ತಿಂಗಳ ಲೆಕ್ಕ, ಅಂದರೆ ಲಂಡನ್‌ಗೆ 13,761 ಪೌಂಡ್. ಈ ಒಟ್ಟು ಮೊತ್ತ ಖಾತೆಯಲ್ಲಿ ಸತತ 28 ದಿನ ಇರಬೇಕು. ಸ್ಟೇಟ್‌ಮೆಂಟ್‌ನ ಕೊನೆಯ ದಿನದಿಂದ ಹಿಂದಕ್ಕೆ ಎಣಿಸುತ್ತಾರೆ. ಆ ಕೊನೆಯ ದಿನ ನೀವು ವೀಸಾ ಅರ್ಜಿ ಹಾಕುವ ದಿನಕ್ಕಿಂತ 31 ದಿನಕ್ಕೂ ಹಳೆಯದಾಗಿರಬಾರದು. 28 ದಿನದಲ್ಲಿ ಒಂದು ದಿನ, ಒಂದು ಪೌಂಡ್ ಕಡಿಮೆಯಾದರೂ ಅರ್ಜಿ ತಿರಸ್ಕಾರವಾಗಬಹುದು. ಸರಾಸರಿ ನೋಡುವ ಪದ್ಧತಿ ಇಲ್ಲ.

ಇದು ಮಲೆನಾಡಿನವರಿಗೇ ಯಾಕೆ ಜಾಸ್ತಿ ಹೊಡೆತ ಕೊಡುತ್ತದೆ? ಕೋರ್ಸ್ ಶುರುವಾಗುವುದು ಸೆಪ್ಟೆಂಬರ್‌ನಲ್ಲಿ. ವೀಸಾ ಅರ್ಜಿ ಜೂನ್, ಜುಲೈನಲ್ಲಿ. ಅದೇ ಹೊತ್ತಿಗೆ ಮಳೆ ಹಿಡಿದು, ಕೊಳೆರೋಗದ ಭಯಕ್ಕೆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಗಡಿಬಿಡಿ. ಮೈಲುತುತ್ತ, ಸುಣ್ಣ, ಆಳಿನ ಕೂಲಿ, ಎಲ್ಲ ಒಟ್ಟಿಗೆ. ಸಾಗರದ ಕಡೆಯ ಒಬ್ಬ ಹುಡುಗಿಯ ಅಪ್ಪ ಮಗಳಿಗೆಂದು ಇಟ್ಟ ದುಡ್ಡಿನಿಂದಲೇ ಕೂಲಿ ಕೊಟ್ಟು, ಮಂಡಿಯಿಂದ ಹಣ ಬಂದ ಮೇಲೆ ಮತ್ತೆ ತುಂಬಿದರು. ವೀಸಾ ತಿರಸ್ಕಾರವಾಯಿತು. ಫೋನ್ ಮಾಡಿ, "ನಾಲ್ಕು ದಿನ ಅಷ್ಟೇ ಅಲ್ವಾ ಮಾರಾಯ, ಆಮೇಲೆ ತುಂಬಿದ್ದೀನಲ್ಲ" ಅಂದರು. ಅವರ ಲೆಕ್ಕದಲ್ಲಿ ಅವರು ಸರಿ. ಮಂಡಿಯವರು, ಸೊಸೈಟಿಯವರು ಅಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳೋದಿಲ್ಲ. ಬ್ರಿಟನ್‌ನ ವೀಸಾ ಅಧಿಕಾರಿಗೆ ನಿಮ್ಮ ಮುಖ ಗೊತ್ತಿಲ್ಲ, ಮನೆತನ ಗೊತ್ತಿಲ್ಲ. ಅವರ ಮುಂದಿರುವುದು ಅಂಕಿ ಮಾತ್ರ.

ಎರಡನೆಯದು, ಯಾರ ಖಾತೆ ಅನ್ನೋದು. ನಿಮ್ಮ ಖಾತೆ, ಇಲ್ಲವೇ ಅಪ್ಪ ಅಮ್ಮನ ಖಾತೆ, ಇಲ್ಲವೇ ಕಾನೂನುಬದ್ಧ ಪೋಷಕರದ್ದು. ಮದುವೆಯಾಗಿದ್ದರೆ ಸಂಗಾತಿಯದ್ದು ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿ. ಅಜ್ಜ, ದೊಡ್ಡಪ್ಪ, ಸೋದರಮಾವ, ಬೆಂಗಳೂರಿನ ಅಣ್ಣ ಯಾರದ್ದೂ ನಡೆಯುವುದಿಲ್ಲ. ನಮ್ಮಲ್ಲಿ ಪಹಣಿ ಅಜ್ಜನ ಹೆಸರಲ್ಲಿ, ಠೇವಣಿ ಅಜ್ಜನ ಹೆಸರಲ್ಲಿ. ತೀರ್ಥಹಳ್ಳಿ ಹತ್ತಿರದ ಒಬ್ಬ ಹುಡುಗ ಬೇಕಾದ್ದಕ್ಕಿಂತ ಹೆಚ್ಚೇ ಇದ್ದ ಅಜ್ಜನ ಠೇವಣಿ ತೋರಿಸಿದ, ಮೇಲೆ ಅಜ್ಜನ ಅಫಿಡವಿಟ್ ಬೇರೆ. ಒಂದೂ ಪ್ರಯೋಜನಕ್ಕೆ ಬರಲಿಲ್ಲ. ಇಂಥ ದುಡ್ಡನ್ನು ಮೊದಲೇ ಅಪ್ಪನ ಅಥವಾ ನಿಮ್ಮ ಖಾತೆಗೆ ವರ್ಗ ಮಾಡಿಸಿ, ಆಮೇಲೆ 28 ದಿನ ಎಣಿಸಿ. ಅಜ್ಜ ಮೊಮ್ಮಗನಿಗೆ ಕೊಡುವ ಉಡುಗೊರೆಗೆ ನಮ್ಮಲ್ಲಿ ತೆರಿಗೆ ಇಲ್ಲ. ದೊಡ್ಡ ಮೊತ್ತ ಎಲ್ಲಿಂದ ಬಂತು ಎಂದು ಕೇಳಿದರೆ ತೋರಿಸಲು ಮಂಡಿಯ ಪಟ್ಟಿ, ಉಡುಗೊರೆ ಪತ್ರ ಇಟ್ಟುಕೊಂಡಿರಿ.

ಅಪ್ಪನ ಖಾತೆ ತೋರಿಸಿದರೆ ಅವರ ಒಪ್ಪಿಗೆ ಪತ್ರ ಬೇಕು, ನೀವು ಅವರ ಮಗ ಅಥವಾ ಮಗಳು ಅನ್ನುವುದಕ್ಕೆ ಜನನ ಪ್ರಮಾಣಪತ್ರ ಬೇಕು. ಕನ್ನಡದಲ್ಲಿದ್ದರೆ ಅಧಿಕೃತ ಅನುವಾದ. ಹಳೆಯ ಪ್ರಮಾಣಪತ್ರಗಳಲ್ಲಿ ಮಗುವಿನ ಹೆಸರೇ ಇರುವುದಿಲ್ಲ, 'ಗಂಡು ಮಗು' ಅಂತ ಬರೆದು ಬಿಟ್ಟಿರುತ್ತಾರೆ. ಅಪ್ಪನ ಹೆಸರು ಅದರಲ್ಲಿ ಒಂದು ಥರ, ಪಾಸ್‌ಬುಕ್‌ನಲ್ಲಿ ಊರಿನ ಇನಿಶಿಯಲ್ ಸೇರಿ ಇನ್ನೊಂದು ಥರ. ಇದನ್ನು ಸರಿಮಾಡಿಸುವ ಕೆಲಸ ಜನವರಿಯಲ್ಲೇ ಶುರುವಾಗಲಿ.

ಎಲ್ಲಿ ಇಡಬೇಕು? ಅಧಿಕೃತ ನಿಯಂತ್ರಕರ ಕೈಕೆಳಗಿರುವ, ಕಂಪ್ಯೂಟರ್ ದಾಖಲೆ ಇರುವ ಬ್ಯಾಂಕ್ ಆಗಿರಬೇಕು. ಊರಿನ ಕೃಷಿ ಸಹಕಾರಿ ಸೊಸೈಟಿ, ಮಂಡಿಯಲ್ಲಿರುವ ಲೆಕ್ಕ, ಮನೆಯಲ್ಲಿರುವ ಬಂಗಾರ, ಮಾರದೆ ಇಟ್ಟ ಅಡಿಕೆ ಮೂಟೆ, ಷೇರು, ಇವ್ಯಾವುದೂ ದುಡ್ಡಲ್ಲ. ಸುಮ್ನೆ ಒಂದು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಬೇರೆ ಖಾತೆ ತೆರೆದು, ಯುಪಿಐ, ಇಎಂಐ ಯಾವುದನ್ನೂ ಅದಕ್ಕೆ ಜೋಡಿಸದೆ ಬಿಡಿ. ರೂಪಾಯಿಯನ್ನು ಪೌಂಡ್‌ಗೆ ಬದಲಾಯಿಸಿ ನೋಡುವುದು ಅರ್ಜಿ ಹಾಕಿದ ದಿನ ಒವಾಂಡಾ ಅನ್ನುವ ವೆಬ್‌ಸೈಟ್ ತೋರಿಸುವ ದರದಲ್ಲಿ. ಆ ವಾರ ರೂಪಾಯಿ ಬಿದ್ದರೆ? ಅದಕ್ಕೇ ಒಂದು ಲಕ್ಷವಾದರೂ ಹೆಚ್ಚಿಗೆ ಇರಲಿ.

ಶಿಕ್ಷಣ ಸಾಲಕ್ಕೆ ಈ 28 ದಿನದ ಕಾಟ ಇಲ್ಲ. ಸಾಲದ ಪತ್ರ ನಿಮ್ಮ ಹೆಸರಲ್ಲಿರಬೇಕು, ಆರು ತಿಂಗಳಿಗಿಂತ ಹಳೆಯದಾಗಿರಬಾರದು. ವೀಸಾ ಸಿಕ್ಕರೆ ಅನ್ನುವುದು ಬಿಟ್ಟು ಬೇರೆ ಷರತ್ತು ಇರಬಾರದು. 'ಜಮೀನು ಅಡವು ನೋಂದಣಿಯಾದ ಮೇಲೆ ಬಿಡುಗಡೆ' ಅಂತ ಬರೆದ ಪತ್ರ ತರಬೇಡಿ. ಬಗರ್‌ಹುಕುಂ ಜಮೀನಿಗೆ ಹಕ್ಕುಪತ್ರ ಇಲ್ಲದವರು ಅಡವಿಗೆ ಏನಿಡುವುದು ಅನ್ನುವುದನ್ನು ಡಿಸೆಂಬರ್‌ನಲ್ಲೇ ಬ್ಯಾಂಕಿನವರ ಹತ್ತಿರ ಕೂತು ಕೇಳಿ.

ಈ ವಿಷಯದಲ್ಲಿ ನೆದರ್‌ಲೆಂಡ್ಸ್ ಪದ್ಧತಿ ನನಗೆ ನೂರು ಪಾಲು ಮೇಲು. ಅಲ್ಲಿ ವೀಸಾ ಅರ್ಜಿಯನ್ನು ವಿಶ್ವವಿದ್ಯಾಲಯವೇ ಹಾಕುತ್ತದೆ, ಕಾಗದದಲ್ಲಿ ತಪ್ಪಿದ್ದರೆ ಮೊದಲೇ ಹೇಳುತ್ತದೆ. ಬ್ರಿಟನ್‌ನಲ್ಲಿ ವಿಶ್ವವಿದ್ಯಾಲಯ ನಿಮ್ಮ ಪ್ರವೇಶ ದೃಢಪಡಿಸುವ ಕ್ಯಾಸ್ ನಂಬರ್ ಕೊಟ್ಟ ಮೇಲೆ ಅರ್ಜಿಯ ಹೊಣೆ ನಿಮ್ಮದೇ. ತಿರಸ್ಕಾರವಾದರೆ ವೀಸಾ ಅರ್ಜಿಯ ಜೊತೆ ಕಟ್ಟಿದ ಆರೋಗ್ಯ ಸರ್‌ಚಾರ್ಜ್ ವಾಪಸ್ ಬರುತ್ತದೆ, ವೀಸಾ ಶುಲ್ಕ ಬರುವುದಿಲ್ಲ. ಮತ್ತೆ ಅರ್ಜಿ ಹಾಕಲು ಹೊಸ ಕ್ಯಾಸ್ ಬೇಕು, ಅಷ್ಟರಲ್ಲಿ ತರಗತಿ ಶುರುವಾಗಿರುತ್ತದೆ. ಆ ಸರ್‌ಚಾರ್ಜ್ ವರ್ಷಕ್ಕೆ 776 ಪೌಂಡ್, ಹಾಗಂತ ಅಷ್ಟಕ್ಕೇ ಬಜೆಟ್ ಹಾಕಬೇಡಿ. ಒಂದು ವರ್ಷದ ಕೋರ್ಸಿಗೆ ವೀಸಾ ಅದಕ್ಕಿಂತ ಕೆಲವು ತಿಂಗಳು ಹೆಚ್ಚಿರುವುದರಿಂದ ಸಾಮಾನ್ಯವಾಗಿ 1,164 ಆಗುತ್ತದೆ.

ಮದುವೆಯಾದವರಿಗೆ: 2024ರ ಜನವರಿಯಿಂದ ತರಗತಿ ಆಧಾರಿತ ಎಂ.ಎ.ಗೆ ಬರುವವರು ಗಂಡನನ್ನೋ ಹೆಂಡತಿಯನ್ನೋ ಕರೆತರುವಂತಿಲ್ಲ. ಕೋರ್ಸ್ ಮುಗಿದ ಮೇಲೆ ಕೆಲಸ ಹುಡುಕಲು ಸಿಗುತ್ತಿದ್ದ ಎರಡು ವರ್ಷದ ವೀಸಾ, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳು. ಏಜೆಂಟ್ ಇನ್ನೂ ಎರಡು ವರ್ಷ ಅಂತ ಹೇಳುತ್ತಿದ್ದರೆ ಅವರ ಉಳಿದ ಮಾತನ್ನೂ ಅನುಮಾನದಿಂದಲೇ ಕೇಳಿ.

ಜುಲೈ ಕೊನೆಯಾದರೂ 28 ದಿನ ತುಂಬಿಲ್ಲವೆಂದರೆ ಅವಸರದಲ್ಲಿ ಅರ್ಜಿ ಹಾಕಬೇಡಿ. ತಡವಾಗಿ ಸೇರಲು ಕೊನೆಯ ದಿನ ಯಾವುದೆಂದು ವಿಭಾಗಕ್ಕೆ ಮೇಲ್ ಮಾಡಿ ಕೇಳಿ. ಅದೂ ಹೊಂದದಿದ್ದರೆ ಸೀಟನ್ನು ಮುಂದಿನ ಸೆಪ್ಟೆಂಬರ್‌ಗೆ ಹಾಕಿಕೊಡಲು ಬೇಡಿಕೊಳ್ಳಿ. ಸೀಟಿಗೆಂದು ವಿಶ್ವವಿದ್ಯಾಲಯಕ್ಕೆ ಕಟ್ಟಿದ ಮುಂಗಡ ಮುಂದಿನ ವರ್ಷಕ್ಕೆ ಸೇರುತ್ತದೆಯೇ ಅನ್ನುವುದನ್ನು ಬರವಣಿಗೆಯಲ್ಲೇ ತರಿಸಿಕೊಳ್ಳಿ.