ಬಿಸಿಲಲ್ಲಿ ಬಂದವರ ದಣಿವಾರಿಸುವುದು ಹೇಗೆ?

ಏಪ್ರಿಲ್, ಮೇ ತಿಂಗಳುಗಳಲ್ಲಿ ವಿಜಯಪುರದ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸದೇನಲ್ಲ. ಹೊಲದಿಂದಲೋ ಸಂತೆಯಿಂದಲೋ ಆ ಬಿಸಿಲಲ್ಲಿ ನಡೆದು ಬಂದವರಿಗೆ ‘ಆಸರಿಕಿಗೆ ಏನರ ತಗೋರಿ’ (ದಣಿವಾರಿಸಲು ಏನಾದರೂ ತೆಗೆದುಕೊಳ್ಳಿ) ಎನ್ನುವುದು ಈ ಭಾಗದ ಮನೆಗಳ ರೂಢಿ. ಆದರೆ ಬಂದವರು ಕೂತ ಕೂಡಲೇ ಬಿಸಿ ಚಹಾ, ಕರಿದ ಭಜಿ, ಎಣ್ಣೆಗಾಯಿ ಊಟವನ್ನು ಮುಂದಿಟ್ಟರೆ ಉಪಚಾರ ಮುಗಿಯುತ್ತದೆಯೇ ಹೊರತು ದಣಿವು ಆರುವುದಿಲ್ಲ. ಮೊದಲು ಮೈ ತಣಿಯಬೇಕು, ಆಮೇಲೆ ಬೆವರಿನಲ್ಲಿ ಹೋದ ನೀರು ಮತ್ತು ಉಪ್ಪು ಮರಳಬೇಕು, ಊಟ ಹಾಗೂ ವಿಶ್ರಾಂತಿ ಅದರ ನಂತರ ಬರಬೇಕು.

ಬಂದವರನ್ನು ಗಾಳಿಯಾಡುವ ಪಡಸಾಲೆಯಲ್ಲಿ ಕೂರಿಸಿ, ಕೈಕಾಲು, ಮುಖ ತೊಳೆಯಲು ನೀರು ಕೊಡಿ. ಕುತ್ತಿಗೆ ಮತ್ತು ತೋಳುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಂಡು ಫ್ಯಾನಿನ ಕೆಳಗೆ ಕೂತರೆ, ನೀರು ಆವಿಯಾಗುವಾಗ ಮೈಯ ಬಿಸಿಯನ್ನು ಹೊತ್ತೊಯ್ಯುತ್ತದೆ. ಮಾತು ತೊದಲುತ್ತಿದ್ದರೆ, ಗೊಂದಲಗೊಂಡಿದ್ದರೆ, ಮೈ ಕಾದು ಎಚ್ಚರ ತಪ್ಪುವಂತಿದ್ದರೆ ಅದು ಬರಿಯ ದಣಿವಲ್ಲ, ಬಿಸಿಲಾಘಾತ. ಅಂಥವರ ಬಾಯಿಗೆ ಏನನ್ನೂ ಹಾಕದೆ, ಮೈಗೆಲ್ಲ ತಣ್ಣೀರು ಹಾಕಿ ಗಾಳಿ ಬೀಸುತ್ತ ತಕ್ಷಣ 108ಕ್ಕೆ ಕರೆ ಮಾಡಬೇಕು.

ಎರಡನೆಯದು ನೀರು. ಮಣ್ಣಿನ ಕೊಡದ ನೀರಿಗೆ ಸಮನಾದದ್ದು ಇಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಗಂಟಲು ಕೊರೆಯುವಷ್ಟು ತಣ್ಣಗಿರದ ಕಾರಣ ಅದನ್ನು ತೃಪ್ತಿಯಾಗುವವರೆಗೂ ಕುಡಿಯಬಹುದು. ಕೊಡದ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವುದರಿಂದ ಒಳಗಿನ ನೀರು ತಂಪಾಗುತ್ತದೆ. ನಮ್ಮ ಬೇಸಿಗೆಯ ಗಾಳಿ ಒಣಗಿರುವುದರಿಂದಲೇ ಇಲ್ಲಿ ಆ ತಂಪು ಇಷ್ಟು ಚೆನ್ನಾಗಿ ಏರುತ್ತದೆ. ಕೊಡವನ್ನು ನೆರಳಿನಲ್ಲಿ, ಗಾಳಿ ಹಾಯುವಲ್ಲಿ, ಹಸಿ ಮರಳಿನ ಮೇಲಿಟ್ಟು ಸುತ್ತ ಒದ್ದೆ ಬಟ್ಟೆ ಸುತ್ತಿರಿ. ಹೊರಮೈಗೆ ಬಣ್ಣ ಬಳಿಯಬಾರದು, ಏಕೆಂದರೆ ರಂಧ್ರ ಮುಚ್ಚಿದರೆ ನೀರು ಜಿನುಗುವುದಿಲ್ಲ. ನೀರಿನೊಂದಿಗೆ ಒಂದು ಚೂರು ಬೆಲ್ಲವನ್ನು ಕೊಡುವ ಹಿರಿಯರ ಪದ್ಧತಿಯನ್ನು ಬಿಡದಿರಿ, ಬಸವಳಿದವರಿಗೆ ಅದು ಬೇಗ ಶಕ್ತಿ ಕೊಡುತ್ತದೆ. ಒಂದೇ ಗುಟುಕಿಗೆ ಚೊಂಬು ಬರಿದು ಮಾಡಿದರೆ ಹೊಟ್ಟೆ ತೊಳಸಬಹುದಾದ್ದರಿಂದ ನಿಧಾನವಾಗಿ ಕುಡಿಯಲು ಹೇಳಿ.

ಬೆವರಿನೊಂದಿಗೆ ಉಪ್ಪೂ ಹೋಗಿರುವುದರಿಂದ ಬರಿಯ ನೀರು ಸಾಲದು. ಒಂದು ಪಾಲು ಮೊಸರಿಗೆ ಮೂರು ಪಾಲು ನೀರು ಬೆರೆಸಿ ಕಡೆದ ಮಜ್ಜಿಗೆಗೆ ಉಪ್ಪು, ಕುಟ್ಟಿದ ಜೀರಿಗೆ, ಜಜ್ಜಿದ ಹಸಿಶುಂಠಿ, ಕೊತ್ತಂಬರಿ ಹಾಕಿದರೆ ಅಷ್ಟೇ ಸಾಕು. ಲಿಂಬೆ ಶರಬತ್ತು ಮಾಡುವವರೂ ಚಿಟಿಕೆ ಉಪ್ಪನ್ನು ಮರೆಯಬಾರದು. ಭೌಗೋಳಿಕ ಸೂಚ್ಯಂಕದ ಮನ್ನಣೆ ಪಡೆದ ಇಂಡಿ ತಾಲ್ಲೂಕಿನ ಲಿಂಬೆ ನಮ್ಮ ಜಿಲ್ಲೆಯದೇ ಆಗಿರುವಾಗ ಬಾಟಲಿಯ ಬಣ್ಣದ ಪಾನೀಯವನ್ನು ಕೊಳ್ಳುವ ಅಗತ್ಯ ನನಗಂತೂ ಕಾಣದು. ವಾಂತಿ ಭೇದಿಯಿಂದ ಸೊರಗಿದವರಿಗೆ ಓಆರ್‌ಎಸ್ ಪೊಟ್ಟಣವೇ ಉತ್ತಮ. ಅದು ಸಿಗದಿದ್ದಾಗ ಒಂದು ಲೀಟರ್ ಶುದ್ಧ ನೀರಿಗೆ 6 ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕರಗಿಸಿ ಕೊಡಬಹುದು. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಅಥವಾ ಸಕ್ಕರೆ ಕಾಯಿಲೆ ಇರುವವರು ಉಪ್ಪು ಮತ್ತು ಬೆಲ್ಲದ ಪ್ರಮಾಣವನ್ನು ವೈದ್ಯರಿಂದ ಕೇಳಿಕೊಳ್ಳಬೇಕು.

ಊಟಕ್ಕೆ ಜೋಳದ ಅಂಬಲಿಯನ್ನೇ ಆರಿಸಿಕೊಳ್ಳಿ. ಹಿಟ್ಟು, ನೀರು, ಉಪ್ಪು, ಹುಳಿ ನಾಲ್ಕೂ ಒಂದೇ ಬಟ್ಟಲಿನಲ್ಲಿ ಸಿಗುತ್ತವೆ. ನಾಲ್ವರಿಗೆ ಬೇಕಾದರೆ ಹಿಂದಿನ ಸಂಜೆಯೇ ಒಂದು ವಾಟಿ (ಬಟ್ಟಲು) ಜೋಳದ ಹಿಟ್ಟನ್ನು ಎರಡು ವಾಟಿ ನೀರು ಮತ್ತು ಸ್ವಲ್ಪ ಹುಳಿ ಮಜ್ಜಿಗೆಯಲ್ಲಿ ಗಂಟಿಲ್ಲದಂತೆ ಕದಡಿ ಮುಚ್ಚಿಡಬೇಕು. ಬೆಳಗಾಗುವಷ್ಟರಲ್ಲಿ ಮೇಲೆ ಸಣ್ಣ ಗುಳ್ಳೆಗಳೆದ್ದು ಹಿತವಾದ ಹುಳಿ ವಾಸನೆ ಬಂದಿರುತ್ತದೆ. ಐದು ವಾಟಿ ನೀರನ್ನು ಉಪ್ಪು ಹಾಕಿ ಕುದಿಸಿ, ಉರಿ ತಗ್ಗಿಸಿ, ಒಂದು ಕೈಯಲ್ಲಿ ಹಿಟ್ಟಿನ ನೀರನ್ನು ಸಣ್ಣ ಧಾರೆಯಾಗಿ ಸುರಿಯುತ್ತ ಇನ್ನೊಂದು ಕೈಯಿಂದ ಬಿಡದೆ ತಿರುವಬೇಕು. ಕೈ ನಿಂತರೆ ತಳದಲ್ಲಿ ಗಂಟು ಕಟ್ಟುತ್ತದೆ. ಹತ್ತು ನಿಮಿಷ ಕುದಿಯುವ ಹೊತ್ತಿಗೆ ಹಸಿ ವಾಸನೆ ಹೋಗಿ, ಅಂಬಲಿಗೆ ಹೊಳಪು ಬಂದು, ಸೌಟಿನಿಂದ ಜಾರುವ ಹದಕ್ಕೆ ಬರುತ್ತದೆ. ಆರಿದಂತೆ ಅದು ಗಟ್ಟಿಯಾಗುವುದರಿಂದ, ಪೂರ್ತಿ ತಣ್ಣಗಾದ ಮೇಲೆ ಮಜ್ಜಿಗೆ ಬೆರೆಸಿ ತೆಳ್ಳಗೆ ಮಾಡಿ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ ಮತ್ತು ಜಜ್ಜಿದ ಬೆಳ್ಳುಳ್ಳಿ ಹಾಕಿ ಕೊಡಬೇಕು. ಇದನ್ನು ಬಡವರ ಊಟವೆಂದು ಅತಿಥಿಗಳಿಗೆ ಬಡಿಸಲು ಹಿಂಜರಿಯುವವರಿದ್ದಾರೆ. ಆ ಹಿಂಜರಿಕೆ ಹೋಗಬೇಕೆಂಬುದು ನನ್ನ ಕಳಕಳಿ. ರೊಟ್ಟಿ, ಪಲ್ಯ, ಶೇಂಗಾ ಚಟ್ನಿಯ ಊಟ ಸಂಜೆ ಮೈ ತಣಿದ ಮೇಲೆ ಹೆಚ್ಚು ರುಚಿಸುತ್ತದೆ.

ಇನ್ನು ವಿಶ್ರಾಂತಿ. ಉಂಡ ಕೂಡಲೇ ಮಲಗದೆ ಸ್ವಲ್ಪ ಹೊತ್ತು ಕೂತಿದ್ದು ಅಡ್ಡಾಗುವುದು ಒಳಿತು. ಪಡುವಣ ಕಿಟಕಿಗೆ ಒದ್ದೆ ಪರದೆ ಇಳಿಬಿಟ್ಟು, ನೆಲಕ್ಕೆ ಚಾಪೆ ಹಾಸಿಕೊಡಿ. ಅರ್ಧ ಗಂಟೆಯೊಳಗಿನ ನಿದ್ದೆ ಮೈಮನಸ್ಸುಗಳನ್ನು ಹಗುರ ಮಾಡುತ್ತದೆ. ಅದು ಗಂಟೆಗಟ್ಟಲೆ ಬೆಳೆದರೆ ಎದ್ದಾಗ ತಲೆ ಭಾರವಾಗಿ, ರಾತ್ರಿಯ ನಿದ್ದೆಯೂ ಕೆಡುತ್ತದೆ. ಮಲಗಿದವರನ್ನು ಮಾತಿಗೆಳೆಯದಿರುವುದೂ ಉಪಚಾರದ ಒಂದು ಭಾಗವೇ. ಎದ್ದ ಮೇಲೆ ಚಹಾ ಕೊಡಬಹುದು, ಜೊತೆಗೆ ನೀರಿರಲಿ. ಮೂತ್ರದ ಬಣ್ಣ ಇನ್ನೂ ಕಡು ಹಳದಿಯಾಗಿದ್ದರೆ ಮೈಗೆ ನೀರು ಸಾಕಾಗಿಲ್ಲವೆಂದು ತಿಳಿದು, ಮತ್ತೊಂದು ಲೋಟ ಮಜ್ಜಿಗೆ ಕುಡಿಸಿ, ನಾಲ್ಕು ಗಂಟೆಯ ನಂತರ ತಲೆಗೆ ವಸ್ತ್ರ ಸುತ್ತಿಕೊಂಡು ಹೊರಡಲು ಹೇಳಿ.