ಹಳೇ ಗುಡಿಗೆ ಪೇಂಟ್ ಹೊಡೆಸುವ ಮುಂಚೆ

ಐಹೊಳೆ ನೋಡಲು ಜನ ದೂರದೂರದಿಂದ ಬರುತ್ತಾರೆ. ಅದೇ ಹುನಗುಂದ ತಾಲೂಕಿನ ನಮ್ಮಂಥ ಊರುಗಳ ಹಳೇ ಗುಡಿಗಳನ್ನು ಯಾರೂ ತಿರುಗಿ ನೋಡುವುದಿಲ್ಲ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವನು ನಾನು, ಈಗ ಊರಿನ ಗುಡಿ ಕಮಿಟಿಯಲ್ಲಿದ್ದೇನೆ. ಇಂಥ ಗುಡಿಗಳಿಗೆ ಮಳೆಗಾಳಿಗಿಂತ ಜಾಸ್ತಿ ಪೆಟ್ಟು ಕೊಡುವುದು ಜೀರ್ಣೋದ್ಧಾರವೇ. ದುಡ್ಡು ಕೂಡಿದ ಕೂಡಲೇ ಆಯಿಲ್ ಪೇಂಟ್, ಗ್ರಾನೈಟ್, ಟೈಲ್ಸ್ ಅನ್ನುತ್ತಾರೆ. ಭಕ್ತಿಯಿಂದ ಹೇಳುವ ಮಾತು ಅದು, ಹಾಗಾಗಿ ಬೇಡ ಅನ್ನುವುದೂ ಕಷ್ಟ.

ಮೊದಲು ಗುಡಿ ಯಾರ ಸುಪರ್ದಿಯಲ್ಲಿದೆ ಅಂತ ತಿಳಿದುಕೊಳ್ಳಿ. ಕೇಂದ್ರ ಪುರಾತತ್ವ ಇಲಾಖೆಯ ಬೋರ್ಡ್ ಇದ್ದರೆ ಅಲ್ಲಿ ಒಂದು ಮೊಳೆ ಹೊಡೆಯುವ ಹಕ್ಕೂ ನಮಗಿಲ್ಲ. ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರ್‌ನಲ್ಲಿ ಕಟ್ಟಲು ಅನುಮತಿ ಬೇಕು. ರಾಜ್ಯ ಇಲಾಖೆಯ ಬೋರ್ಡ್ ಇದ್ದರೂ ಅವರನ್ನು ಕೇಳದೆ ಕೈ ಹಚ್ಚಬಾರದು. ಯಾವ ಬೋರ್ಡೂ ಇಲ್ಲದ ಗುಡಿಯ ಹೊಣೆ ಊರಿನವರ ಮೇಲೇ ಬೀಳುತ್ತದೆ. ಮುಂದಿನ ಮಾತೆಲ್ಲ ಅಂಥ ಗುಡಿಯದು.

ಕೆಲಸ ಶುರುವಾಗುವುದು ಮಾಳಿಗೆಯಿಂದ. ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ಕಸ, ಮಣ್ಣು ತೆಗೆದು ನೀರು ಹೋಗುವ ದಾರಿ ಬಿಡಿಸಿ. ಸಂದಿಯಲ್ಲಿ ಈಗಷ್ಟೇ ಚಿಗುರಿದ ಅರಳಿ, ಆಲದ ಸಸಿ ಕೈಯಿಂದಲೇ ಬರುತ್ತದೆ. ಬೇರು ಬಲಿತಿದ್ದರೆ ಎಳೆಯಲೇಬೇಡಿ. ಬೇರಿನ ಜೊತೆ ಕಲ್ಲೂ ಜಾರುತ್ತದೆ. ಮೇಲಿನದನ್ನು ಕತ್ತರಿಸಿ, ಬೇರಿನ ವಿಷಯ ತಿಳಿದವರಿಗೆ ಬಿಡಿ. ಗುಡಿಯ ಸುತ್ತ ಕಾಂಕ್ರೀಟ್ ಹಾಕಿ ನೆಲ ಎತ್ತರಿಸಿದರೆ ಮಳೆನೀರು ಬುಡಕ್ಕೇ ನಿಲ್ಲುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಸಿಮೆಂಟ್ ಯಾಕೆ ಬೇಡ? ನಮ್ಮ ಕಡೆಯ ಗುಡಿಗಳು ಹೆಚ್ಚಾಗಿ ಮರಳುಗಲ್ಲಿನವು. ಈ ಕಲ್ಲು ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಸಂದಿಗೆ ಸಿಮೆಂಟ್ ತುಂಬಿದರೆ, ಮೇಲೆ ಆಯಿಲ್ ಪೇಂಟ್ ಬಳಿದರೆ ತೇವ ಒಳಗೇ ಉಳಿಯುತ್ತದೆ. ಅದರಲ್ಲಿನ ಉಪ್ಪು ಹರಳುಗಟ್ಟಿ ಕಲ್ಲನ್ನು ಒಳಗಿನಿಂದ ಒಡೆಯುತ್ತದೆ. ಕಂಬದ ಮೇಲಿನ ಕೆತ್ತನೆ ಪದರ ಪದರವಾಗಿ ಉದುರುವುದು ಹೀಗೆ. ಸಂದಿ ತುಂಬಲೇಬೇಕಿದ್ದರೆ ಸುಣ್ಣದ ಗಾರೆ ಬಲ್ಲ ಕೆಲಸಗಾರನನ್ನು ಹುಡುಕಿ. ಹಳೇ ಪೇಂಟ್ ತೆಗೆಯಲು ಮರಳು ಊದುವ ಮಷೀನ್ ತರಿಸಬೇಡಿ, ಪೇಂಟ್ ಜೊತೆ ಶಿಲ್ಪದ ಕಣ್ಣು ಮೂಗೂ ಹೋಗುತ್ತದೆ. ದೀಪವನ್ನು ಗೋಡೆಗೆ ತಾಗಿಸದೆ ತಟ್ಟೆಯಲ್ಲಿಡಿ. ಪೂಜಾರಿಯವರಿಗೆ ಸಮಾಧಾನವಾಗಿ ಹೇಳಿದರೆ ಒಪ್ಪುತ್ತಾರೆ.

ಗುಡಿಯ ಹತ್ತಿರ, ಮೇಲ್ಭಾಗದಲ್ಲಿ ಸೂರ್ಯ, ಚಂದ್ರ, ಹಸು, ಕರು ಕೆತ್ತಿದ ಕಲ್ಲು ಬಿದ್ದಿದೆಯಾ? ಅದು ಶಾಸನ ಇರಬಹುದು. ಬಟ್ಟೆ ಒಗೆಯುವ ಕಲ್ಲಾಗಲು ಬಿಡಬೇಡಿ. ಐಹೊಳೆಯ ಮೇಗುತಿ ಗುಡಿಯಲ್ಲಿ ಕವಿ ರವಿಕೀರ್ತಿ ಕ್ರಿ.ಶ. 634ರಲ್ಲಿ ಬರೆದ ಶಾಸನದ ಸಾಲುಗಳಿವೆ. ಅದರಲ್ಲಿ ಕಾಳಿದಾಸ, ಭಾರವಿಯ ಹೆಸರು ಬರುವುದರಿಂದ ಅವರ ಕಾಲ ಗೊತ್ತುಮಾಡಲು ವಿದ್ವಾಂಸರು ಆ ಸಾಲುಗಳನ್ನೇ ಹಿಡಿಯುತ್ತಾರೆ. ಒಂದು ಕಲ್ಲು ಅಷ್ಟು ಹೇಳಬಲ್ಲದು. ನಿಮ್ಮೂರಿನದು ನಿಮ್ಮ ಕೆರೆಯ ಹೆಸರನ್ನಾದರೂ ಹೇಳೀತು, ಅಲ್ವಾ? ಅಕ್ಷರಕ್ಕೆ ಸುಣ್ಣ, ಇದ್ದಿಲು, ತಂತಿ ಬ್ರಷ್ ತಾಗಿಸಬೇಡಿ. ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ ಹಿಡಿದರೆ ಅಕ್ಷರ ಎದ್ದು ಕಾಣುತ್ತದೆ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಫೋಟೋ ತೆಗೆದು ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯವರಿಗೆ ತೋರಿಸಿ.

ನೆಲ ಅಗೆಯುವಾಗ ನಾಣ್ಯವೋ ವಿಗ್ರಹವೋ ಸಿಕ್ಕರೆ ಅಗೆತ ನಿಲ್ಲಿಸಿ. ಜಿಲ್ಲಾಧಿಕಾರಿಗೆ ತಿಳಿಸುವುದು ಕಾನೂನು.

ದೊಡ್ಡ ದುರಸ್ತಿಗೆ ಮೈಸೂರಿನಲ್ಲಿರುವ ರಾಜ್ಯ ಪುರಾತತ್ವ ಇಲಾಖೆಗೂ, ಹಳೇ ಗುಡಿಗಳ ದುರಸ್ತಿ ಮಾಡುವ ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟಿಗೂ ಅರ್ಜಿ ಹಾಕಬಹುದು. ಅರ್ಜಿ ಜೊತೆ ಗ್ರಾಮ ಪಂಚಾಯಿತಿ ಠರಾವು ಮತ್ತು ಗುಡಿಯ ನಾಲ್ಕೂ ದಿಕ್ಕಿನ ಫೋಟೋ ಇರಲಿ. ಅಷ್ಟರಲ್ಲಿ ಯಾರಾದರೂ ಹೊಸ ಮಂಟಪಕ್ಕೆ ದುಡ್ಡು ಕೊಡುತ್ತೇನೆ ಅಂದರೆ ಬೇಡ ಅನ್ನಬೇಡಿ. ಗುಡಿಗೆ ತಾಗದ ಹಾಗೆ, ರಸ್ತೆಯ ಆಚೆ ಜಾಗ ತೋರಿಸಿ.